ವೀಲ್‌ಚೇರ್ ಎಲ್ಲಿ ಹೋಯ್ತು? ಸಣ್ಣ ಆಸ್ಪತ್ರೆಗೆ ಆರ್‌ಎಫ್‌ಐಡಿ ಹಾಕಿಸುವವರಿಗೆ

ರಾತ್ರಿ ಎರಡು ಗಂಟೆ. ಐಸಿಯು ಸಿಸ್ಟರ್ ಫೋನ್ ಮಾಡಿ, "ಸಾರ್, ಇನ್ನೊಂದು ಸಿರಿಂಜ್ ಪಂಪ್ ಬೇಕಿತ್ತು, ಸ್ಟೋರಲ್ಲಿ ಇದೆಯಾ?" ಅಂದರು. ಸಿರಿಂಜ್‌ನಿಂದ ಔಷಧವನ್ನು ನಿಧಾನಕ್ಕೆ ಮೈಗೆ ಹರಿಸುವ ಯಂತ್ರ ಅದು. ರಿಜಿಸ್ಟರ್ ಪ್ರಕಾರ ನಮ್ಮಲ್ಲಿ 9 ಪಂಪ್. ಕಣ್ಣಿಗೆ ಕಂಡಿದ್ದು 6. ಉಳಿದ ಮೂರನ್ನು ಹುಡುಕಿಕೊಂಡು ನಾನು, ಒಬ್ಬ ವಾರ್ಡ್ ಬಾಯ್, ಇಬ್ಬರೂ ಮೂರು ಮಹಡಿ ಅಲೆದೆವು. ಒಂದು ಸಿಕ್ಕಿದ್ದು ಬಟ್ಟೆ ರೂಮಿನಲ್ಲಿ. ಮಡಚಿಟ್ಟ ಬೆಡ್‌ಶೀಟ್‌ಗಳ ಹಿಂದೆ, ವೈರನ್ನು ನೀಟಾಗಿ ಸುತ್ತಿ, ಮೇಲೊಂದು ಟವೆಲ್ ಮುಚ್ಚಿ ಇಟ್ಟಿದ್ದರು. ಯಾರೂ ಕದ್ದಿರಲಿಲ್ಲ. ಬೇಕಾದಾಗ ಸಿಗಲ್ಲ ಅಂತ ಯಾರೋ ತಮ್ಮ ವಾರ್ಡಿಗೆ ಜೋಪಾನ ಮಾಡಿಕೊಂಡಿದ್ದರು, ಅಷ್ಟೇ.

ನಾನು ತುಮಕೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. 60 ಹಾಸಿಗೆ, ಮೂರು ಮಹಡಿ, ಒಂದೇ ಲಿಫ್ಟ್. ಆ ರಾತ್ರಿ ಆದಮೇಲೆ ಆರ್‌ಎಫ್‌ಐಡಿ, ಅಂದರೆ ಸಾಮಾನಿಗೆ ಟ್ಯಾಗ್ ಅಂಟಿಸಿ ರೇಡಿಯೊ ತರಂಗದಿಂದ ಗುರುತಿಸುವ ವ್ಯವಸ್ಥೆ, ಹಾಕಿಸೋಣ ಅಂತ ಕೈ ಹಾಕಿದೆವು. ಮೊದಲ ಸಲ ಕೈ ಸುಟ್ಟುಕೊಂಡೆವು. ಎರಡನೇ ಸಲ ಸರಿಹೋಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದೇ ಕೆಲಸದಲ್ಲಿರುವ ಗೆಳೆಯರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದು ಸಲ ಬರೆದುಬಿಡೋಣ ಅನ್ನಿಸಿತು.

ಟೋಲ್ ಗೇಟ್ ನೆನಪಿಟ್ಟುಕೊಳ್ಳಿ

ಆರ್‌ಎಫ್‌ಐಡಿ ನಿಮಗೆ ಹೊಸದೇನಲ್ಲ. ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅದೇ. 2021ರ ಫೆಬ್ರವರಿ ಮಧ್ಯದಿಂದ ಹೆದ್ದಾರಿ ಟೋಲ್‌ಗಳಲ್ಲಿ ಅದು ಕಡ್ಡಾಯ ಆಯಿತಲ್ಲ. ಅದರೊಳಗೆ ಬ್ಯಾಟರಿ ಇಲ್ಲ. ಒಂದು ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್ಪು, ಸುತ್ತ ತೆಳ್ಳನೆ ಲೋಹದ ಗೆರೆಯ ಆಂಟೆನಾ, ಅಷ್ಟೇ. ಟೋಲ್ ಮೇಲಿರುವ ರೀಡರ್ ರೇಡಿಯೊ ತರಂಗ ಬಿಡುತ್ತದೆ. ಆ ತರಂಗದಿಂದಲೇ ಒಂದಿಷ್ಟು ಶಕ್ತಿ ಹೀರಿಕೊಂಡು ಚಿಪ್ಪು ಎಚ್ಚರಾಗುತ್ತದೆ, ತನ್ನ ನಂಬರ್ ಹೇಳುತ್ತದೆ, ಮತ್ತೆ ಸುಮ್ನಾಗುತ್ತದೆ. ಬ್ಯಾಟರಿ ಇರುವ ಟ್ಯಾಗ್‌ಗಳೂ ಬರುತ್ತವೆ. ಅವು ತಾವಾಗಿಯೇ ಆಗಾಗ ಕೂಗುತ್ತಿರುತ್ತವೆ. ಬೆಲೆ ಜಾಸ್ತಿ, ಬ್ಯಾಟರಿ ಬದಲಿಸುವ ತಲೆನೋವು ಬೇರೆ. ನಮ್ಮಂಥ ಸಣ್ಣ ಆಸ್ಪತ್ರೆಗೆ ಬ್ಯಾಟರಿ ಇಲ್ಲದ್ದೇ ಸಾಕು.

ಈಗ ಒಂದು ಮಾತು. ಕ್ಯಾತ್ಸಂದ್ರದ ಟೋಲ್ ದಾಟಿದ ಮೇಲೆ ನೀವು ತಟ್ಟೆ ಇಡ್ಲಿ ತಿನ್ನೋಕೆ ನಿಂತಿರೋ, ನೇರ ಊರಿಗೆ ಹೋದಿರೋ, ಟೋಲ್‌ಗೆ ಗೊತ್ತಾಗಲ್ಲ. ಅದಕ್ಕೆ ಗೊತ್ತಿರುವುದು ಈ ಗಾಡಿ ಇಷ್ಟು ಗಂಟೆಗೆ ಈ ಗೇಟ್ ದಾಟಿತು ಅನ್ನುವುದಷ್ಟೇ. ಆಸ್ಪತ್ರೆಯಲ್ಲೂ ಹಾಗೇ. ಮಾರುವವರು ಕಂಪ್ಯೂಟರ್ ಪರದೆ ಮೇಲೆ ಆಸ್ಪತ್ರೆಯ ನಕ್ಷೆ ಹಾಕಿ, ಪಂಪ್ ಓಡಾಡುವ ಚುಕ್ಕೆ ತೋರಿಸುತ್ತಾರೆ. ಬ್ಯಾಟರಿ ಇಲ್ಲದ ಟ್ಯಾಗ್‌ನಲ್ಲಿ ಅಂಥ ಚುಕ್ಕೆ ಸಿಗಲ್ಲ. ಕೊನೆಯ ಸಲ ಯಾವ ಬಾಗಿಲು ದಾಟಿತು ಅನ್ನುವುದು ಸಿಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಲೆಕ್ಕವೆಲ್ಲ ಸಲೀಸು. ಎಲ್ಲಿ ಗೇಟ್ ಹಾಕಬೇಕು ಅನ್ನುವುದೇ ಇಡೀ ಕೆಲಸ.

ಮೊದಲ ಕೆಲಸ: 200 ಪುಟದ ಒಂದು ನೋಟ್‌ಬುಕ್

ಕಂಪನಿಯವರನ್ನು ಕರೆಸುವ ಮುಂಚೆ ಒಂದು ನೋಟ್‌ಬುಕ್ ತನ್ನಿ. ಎರಡು ವಾರ, ಯಾವ ಸಾಮಾನು ಹುಡುಕಬೇಕಾಯಿತೋ ಅದನ್ನು ಬರೆಯಿರಿ. ಏನು, ಎಷ್ಟು ಹೊತ್ತು ಹುಡುಕಿದಿರಿ, ಕೊನೆಗೆ ಎಲ್ಲಿ ಸಿಕ್ಕಿತು. ಈ ಮೂರೇ ಕಾಲಂ. ಸಿಸ್ಟರ್‌ಗಳ ಹತ್ತಿರ ಬರೆಸೋಕೆ ಹೋಗಬೇಡಿ, ಅವರಿಗೆ ಬರೆಯುವ ರಿಜಿಸ್ಟರ್ ಈಗಾಗಲೇ ಬೇಕಾದಷ್ಟಿದೆ. ನೀವೇ ದಿನಕ್ಕೆ ಎರಡು ಸಲ ವಾರ್ಡಿಗೆ ಹೋಗಿ ಕೇಳಿ.

ನಮ್ಮ ನೋಟ್‌ಬುಕ್ ನೋಡಿ ನನಗೇ ಆಶ್ಚರ್ಯ ಆಯಿತು. ದುಬಾರಿ ಮಾನಿಟರ್‌ಗಳು ಕಳೆಯುತ್ತಲೇ ಇರಲಿಲ್ಲ, ಅವು ಗೋಡೆಗೆ ಕೂತಿರುತ್ತವೆ. ಕಾಲಿದ್ದ ಹಾಗೆ ಓಡಾಡುತ್ತಿದ್ದವು ನಾಲ್ಕೇ: ಸಿರಿಂಜ್ ಪಂಪ್, ವೀಲ್‌ಚೇರ್, ನೆಬ್ಯುಲೈಜರ್, ಬೆಡ್‌ಶೀಟ್. ನಿಮ್ಮಲ್ಲಿ ಬೇರೆ ಇರಬಹುದು. ಪಟ್ಟಿಯಲ್ಲಿ ಮೇಲೆ ಬಂದ ಎರಡು ಸಾಮಾನು ಮಾತ್ರ ಆರಿಸಿಕೊಳ್ಳಿ. ಎಲ್ಲಕ್ಕೂ ಒಟ್ಟಿಗೆ ಟ್ಯಾಗ್ ಅಂಟಿಸಿದವರು ಯಾವುದನ್ನೂ ನೆಟ್ಟಗೆ ನೋಡಿಕೊಂಡಿದ್ದು ನಾನು ಕಂಡಿಲ್ಲ.

ಬಾಗಿಲು ಗುರುತು ಮಾಡಿ

ಒಂದು ಹಾಳೆ ಮೇಲೆ ಕಟ್ಟಡದ ನಕ್ಷೆ ಬರೆಯಿರಿ. ನೋಟ್‌ಬುಕ್‌ನಲ್ಲಿ "ಎಲ್ಲಿ ಸಿಕ್ಕಿತು" ಅನ್ನುವ ಜಾಗಗಳಿಗೆಲ್ಲ ಒಂದೊಂದು ಚುಕ್ಕೆ ಇಡಿ. ಸಾಮಾನು ಅಲ್ಲಿಗೆ ಹೋಗಬೇಕಾದರೆ ಯಾವ ಬಾಗಿಲು ದಾಟಲೇಬೇಕು? ನಮ್ಮಲ್ಲಿ ಲೆಕ್ಕ ಹಾಕಿದರೆ ಮೂರೇ ಜಾಗ ಬಂತು. ಲಿಫ್ಟ್ ಮುಂದಿನ ಪ್ಯಾಸೇಜ್, ಐಸಿಯು ಬಾಗಿಲು, ಮುಂಬಾಗಿಲು. ಕಂಪನಿಯವರು ಕೊಟ್ಟ ಮೊದಲ ಕೊಟೇಶನ್‌ನಲ್ಲಿ 11 ರೀಡರ್ ಇತ್ತು!

ಒಂದು ಬಾಗಿಲಿಗೆ ಒಂದೇ ಆಂಟೆನಾ ಹಾಕಿದರೆ ಸಾಮಾನು ದಾಟಿದ್ದು ಗೊತ್ತಾಗುತ್ತದೆ, ಒಳಗೆ ಬಂತೋ ಹೊರಗೆ ಹೋಯಿತೋ ಗೊತ್ತಾಗಲ್ಲ. ದಿಕ್ಕು ಬೇಕಾದರೆ ಒಳಗೊಂದು ಹೊರಗೊಂದು ಆಂಟೆನಾ ಬೇಕು. ಯಾವುದು ಮೊದಲು ಓದಿತು ಅನ್ನುವುದರ ಮೇಲೆ ದಿಕ್ಕು ತಿಳಿಯುತ್ತದೆ. ಸಾಮಾನ್ಯವಾಗಿ ಒಂದು ರೀಡರ್‌ಗೆ ನಾಲ್ಕು ಆಂಟೆನಾ ಸಿಕ್ಕಿಸಬಹುದು. ಹಾಗಾಗಿ ಹತ್ತಿರದ ಎರಡು ಬಾಗಿಲಿಗೆ ಒಂದೇ ರೀಡರ್ ಸಾಕಾಗಬಹುದು. ಇದನ್ನು ಕಂಪನಿಯವರು ತಾವಾಗಿಯೇ ಹೇಳಲ್ಲ, ನೀವೇ ಕೇಳಬೇಕು.

ಯಾವ ತರಂಗ, ಯಾವ ಟ್ಯಾಗ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾವು ದುಡ್ಡು ಕಳೆದುಕೊಂಡಿದ್ದು ಇಲ್ಲೇ.

ಆರ್‌ಎಫ್‌ಐಡಿಯಲ್ಲಿ ಮುಖ್ಯವಾಗಿ ಮೂರು ಬಗೆ. ಕೆಳಗಿನದು 125ರಿಂದ 134 ಕಿಲೋಹರ್ಟ್ಸ್. ಸಾಕುನಾಯಿಯ ಚರ್ಮದಡಿ ಹಾಕುವ ಚಿಪ್ಪು ಇದು, ತೀರಾ ಹತ್ತಿರ ಹಿಡಿದರೆ ಮಾತ್ರ ಓದುತ್ತದೆ. ಮಧ್ಯದ್ದು 13.56 ಮೆಗಾಹರ್ಟ್ಸ್. ಮೆಟ್ರೊ ಕಾರ್ಡ್, ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಇದೇ. ಮೂರನೆಯದು ಯುಎಚ್‌ಎಫ್, ಫಾಸ್ಟ್ಯಾಗ್ ಬಳಸುವುದು. ಇದು ಕೆಲವು ಮೀಟರ್ ದೂರದಿಂದ, ಒಂದೇ ಸಲಕ್ಕೆ ಹತ್ತಾರು ಟ್ಯಾಗ್ ಓದುತ್ತದೆ. ಬಾಗಿಲಿಗೆ ಹಾಕೋದಾದರೆ ಇದೇ ಬೇಕು. (ಕೋಲಾರದ ಗೆಳೆಯರೊಬ್ಬರು "ನಮ್ಮ ಹಸು ಕಿವಿಗೂ ಆರ್‌ಎಫ್‌ಐಡಿ ಹಾಕಿದ್ದಾರೆ ಕಣ್ರೀ" ಅಂತ ವಾದಕ್ಕೆ ಬಂದಿದ್ದರು. ಆ ಹಳದಿ ಬಿಲ್ಲೆ ಮೇಲೆ ಇರುವುದು 12 ಅಂಕಿ ಮತ್ತು ಬಾರ್‌ಕೋಡ್. ಅದರಲ್ಲಿ ಚಿಪ್ಪಿಲ್ಲ.)

ನಮ್ಮ ದೇಶದಲ್ಲಿ ಯುಎಚ್‌ಎಫ್ ಆರ್‌ಎಫ್‌ಐಡಿಗೆ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲೇ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ಅಮೆರಿಕದ ರೀಡರ್ ಕೆಲಸ ಮಾಡುವುದು 902ರಿಂದ 928ರಲ್ಲಿ. ಆ ಜಾಗದಲ್ಲಿ ನಮ್ಮಲ್ಲಿ ಮೊಬೈಲ್ ಕಂಪನಿಗಳ ತರಂಗ ಓಡಾಡುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡುಕೊಂಡರೆ ಕಾನೂನಿಗೂ ವಿರುದ್ಧ, ಓದುವುದೂ ಕಷ್ಟ. ಬಿಲ್ ಕೊಡುವ ಮುಂಚೆ ರೀಡರ್ ಭಾರತದ ಈ ತರಂಗಪಟ್ಟಿಗೆ ಹೊಂದಿಸಿದ್ದಾ, ರೇಡಿಯೊ ತರಂಗ ನೋಡಿಕೊಳ್ಳುವ ಕೇಂದ್ರ ಸರ್ಕಾರದ ವಿಭಾಗ ಡಬ್ಲ್ಯುಪಿಸಿಯ ಒಪ್ಪಿಗೆ ಪತ್ರ ಇದೆಯಾ ಅಂತ ಕೇಳಿ.

ಯುಎಚ್‌ಎಫ್‌ಗೆ ಇಬ್ಬರು ಶತ್ರುಗಳು, ಲೋಹ ಮತ್ತು ನೀರು. ಲೋಹ ತರಂಗವನ್ನು ವಾಪಸ್ ಎಸೆಯುತ್ತದೆ, ನೀರು ನುಂಗುತ್ತದೆ. ಆಸ್ಪತ್ರೆಯಲ್ಲಿ ಇರುವುದೆಲ್ಲ ಏನು ಹೇಳಿ? ಸ್ಟೀಲ್ ಮಂಚ, ಸ್ಟೀಲ್ ಟ್ರಾಲಿ, ಸಲೈನ್ ಬಾಟಲಿ, ಅದರ ಜೊತೆಗೆ ಬಹುಪಾಲು ನೀರೇ ಆಗಿರುವ ಮನುಷ್ಯರು. ನಮಗೆ ಮೊದಲು ಬಂದವರು ಡೆಮೊ ತೋರಿಸಿದ್ದು ರಟ್ಟಿನ ಡಬ್ಬದ ಮೇಲೆ. ಐದು ಮೀಟರ್ ದೂರದಿಂದ ಟಕ್ ಅಂತ ಓದಿತು. ನಾವು ಖುಷಿಯಾಗಿ ಒಂದು ರೋಲ್ ಕಾಗದದ ಟ್ಯಾಗ್ ತೆಗೆದುಕೊಂಡು ವೀಲ್‌ಚೇರ್ ಪೈಪಿಗೆ, ಆಕ್ಸಿಜನ್ ಸಿಲಿಂಡರಿಗೆ ಅಂಟಿಸಿದೆವು. ಒಂದೂ ಓದಲಿಲ್ಲ. ಒಂದು ಕೈ ದೂರದಿಂದಲೂ ಓದಲಿಲ್ಲ.

ಲೋಹದ ಮೇಲೆ ಅಂಟಿಸೋಕೆ ಬೇರೆ ಟ್ಯಾಗ್ ಬರುತ್ತದೆ. ದಪ್ಪ ಇರುತ್ತದೆ. ಆಂಟೆನಾಕ್ಕೂ ಲೋಹಕ್ಕೂ ನಡುವೆ ಅಂತರ ಇಡುವ ಪದರ ಅದರೊಳಗೇ ಇರುತ್ತದೆ. ಬೆಲೆ ಕಾಗದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ವೀಲ್‌ಚೇರ್ ಇರುವುದೇ ಐದಾರು, ಅಲ್ವಾ? ವೀಲ್‌ಚೇರಿಗೆ ಅಂಟಿಸುವಾಗ ಬೆನ್ನಿನ ಹಿಂದೆ, ಮೇಲ್ಗಡೆ ಪೈಪಿನ ಮೇಲೆ ಹಾಕಿ. ಸೀಟಿನ ಕೆಳಗೆ ಹಾಕಿದರೆ ಕೂತವರ ಮೈ ಮತ್ತು ಚೌಕಟ್ಟು ಸೇರಿ ಮರೆ ಮಾಡುತ್ತವೆ. ಸಿರಿಂಜ್ ಪಂಪಿನ ಹೊರಮೈ ಪ್ಲಾಸ್ಟಿಕ್, ಆದರೂ ಒಳಗೆ ಲೋಹ ಇದೆ. ಅದಕ್ಕೂ ಲೋಹದ ಟ್ಯಾಗೇ ಹಾಕಿದೆವು. ಗಾಳಿಯಾಡುವ ಕಿಂಡಿ, ಅಲಾರಂ ದೀಪ, ಸೀರಿಯಲ್ ನಂಬರ್ ಮುಚ್ಚದಂತೆ ಜಾಗ ನೋಡಿ. ಪಂಪನ್ನು ದಿನಾ ಸ್ಪಿರಿಟ್ ಹಾಕಿ ಒರೆಸುತ್ತಾರೆ. ಬರೀ ಅಂಟು ಇದ್ದರೆ ತಿಂಗಳೊಳಗೆ ಅಂಚು ಏಳುತ್ತದೆ.

ಬೆಡ್‌ಶೀಟ್ ಕತೆ ಬೇರೆ. ಆರ್‌ಎಫ್‌ಐಡಿ ನಿಜವಾಗಿ ಗೆಲ್ಲುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಬಟ್ಟೆಯ ಅಂಚಿಗೆ ಹೊಲಿಯುವ ಮೆತ್ತನೆ ಟ್ಯಾಗ್ ಸಿಗುತ್ತದೆ, ಸಾಮಾನ್ಯವಾಗಿ 200 ಒಗೆತದವರೆಗೆ ಬಾಳುತ್ತದೆ ಅಂತ ಕಂಪನಿಗಳು ಬರೆದುಕೊಡುತ್ತವೆ. ಲಾಂಡ್ರಿಗೆ 100 ಶೀಟ್ ಕಳಿಸಿದರೆ 96 ವಾಪಸ್ ಬರುತ್ತದೆ, ನಾವು 100 ಅಂತೀವಿ, ಅವರು ಬಂದಿದ್ದೇ 96 ಅಂತಾರೆ. ಈ ಜಗಳ ಎಲ್ಲಾ ಆಸ್ಪತ್ರೆಯಲ್ಲೂ ಇದೆ. ಟ್ಯಾಗ್ ಇದ್ದರೆ ಗಂಟು ಬಿಚ್ಚದೆ, ಕೊಳೆ ಬಟ್ಟೆ ಮುಟ್ಟದೆ ಎಣಿಸಬಹುದು. ಆದರೆ ಒದ್ದೆ ಬಟ್ಟೆ ಗಂಟು ಕಟ್ಟಿ ಓದಿಸಿದರೆ ಲೆಕ್ಕ ತಪ್ಪುತ್ತದೆ, ನೀರು ನುಂಗುತ್ತದೆ ಅಂದೆನಲ್ಲ. ಅದಕ್ಕೆ ನಾವು ವಾಪಸ್ ಬಂದ ಒಣ ಬಟ್ಟೆಯ ಲೆಕ್ಕವನ್ನೇ ನಂಬುತ್ತೇವೆ. ಹೋಗುವಾಗ ಗಂಟು ಸಣ್ಣದಾಗಿ ಕಟ್ಟಿ, ಎರಡು ಸಲ ಮಗುಚಿ ಓದಿಸುತ್ತೇವೆ.

ರಕ್ತದ ಚೀಲಕ್ಕೆ ಯುಎಚ್‌ಎಫ್ ಬೇಡ. ಅಂತಾರಾಷ್ಟ್ರೀಯ ರಕ್ತ ವರ್ಗಾವಣೆ ಸಂಘ 2010ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು 13.56 ಮೆಗಾಹರ್ಟ್ಸ್. ದ್ರವದ ಹತ್ತಿರವೂ ಅದು ಓದುತ್ತದೆ. ಇದು ಬ್ಲಡ್ ಬ್ಯಾಂಕ್ ಇರುವವರ ಮಾತು, ನಮ್ಮಂಥವರು ಮುಂದೆ ಹೋಗೋಣ. ಆಟೋಕ್ಲೇವ್‌ಗೆ (ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ) ಹೋಗುವ ಆಪರೇಷನ್ ಥಿಯೇಟರ್ ಸಾಮಾನಿಗೆ 134 ಡಿಗ್ರಿ ಹಬೆ ತಾಳುವ ಟ್ಯಾಗೇ ಬೇಕು, ತಾಳುತ್ತದೆ ಅಂತ ಕಂಪನಿಯವರಿಂದ ಬರೆಸಿಕೊಳ್ಳಿ. ಎಂಆರ್‌ಐ ಕೋಣೆಗೆ ಯಾವ ಟ್ಯಾಗೂ ಅಲ್ಲಿನ ಸಿಬ್ಬಂದಿ ಒಪ್ಪದೆ ಹೋಗಬಾರದು.

ಐಸಿಯು ಬಾಗಿಲಿಗೆ ಹಾಕುವ ಮುಂಚೆ

2008ರ ಜೂನ್‌ನಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಪರೀಕ್ಷೆ ಪ್ರಕಟವಾಯಿತು. 41 ವೈದ್ಯಕೀಯ ಉಪಕರಣಗಳ ಹತ್ತಿರ ಆರ್‌ಎಫ್‌ಐಡಿ ಇಟ್ಟು ನೋಡಿದ್ದರು. ರೋಗಿಗಳಿಗೆ ಜೋಡಿಸಿರಲಿಲ್ಲ. ಒಟ್ಟು 123 ಪರೀಕ್ಷೆಗಳಲ್ಲಿ 34 ಸಲ ಉಪಕರಣಕ್ಕೆ ಅಡ್ಡಿಯಾಯಿತು, ಅದರಲ್ಲಿ 22 ಅಪಾಯಕಾರಿ ಅಂತ ಗುರುತಿಸಿದರು. ಸಿರಿಂಜ್ ಪಂಪ್ ನಿಲ್ಲುವುದು, ವೆಂಟಿಲೇಟರ್ ಆಫ್ ಆಗುವುದು, ಇಂಥವು. ಜಾಸ್ತಿ ಅಡ್ಡಿ ಮಾಡಿದ್ದು 868 ಮೆಗಾಹರ್ಟ್ಸ್‌ನದು, ಅಂದರೆ ನಾವು ಬಾಗಿಲಿಗೆ ಹಾಕುವ ಜಾತಿಯದೇ. ಅರ್ಧಕ್ಕರ್ಧ ಅಡ್ಡಿಗಳು ಆಗಿದ್ದು 30 ಸೆಂಟಿಮೀಟರ್ ಒಳಗೆ. ಆದರೆ ಮೀಟರ್‌ಗಟ್ಟಲೆ ದೂರದಲ್ಲಿ ಆದದ್ದೂ ಇದೆ.

ಹೆದರಿ ಬಿಟ್ಟುಬಿಡಿ ಅಂತ ಇದನ್ನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಹಾಕಬೇಡಿ ಅಂತ. ನಾವು ಹೀಗೆ ಮಾಡಿದೆವು: ಖಾಲಿ ರೂಮಿನಲ್ಲಿ ಬಯೋಮೆಡಿಕಲ್ ಇಂಜಿನಿಯರ್ ಎದುರಿಗೆ, ನಮ್ಮಲ್ಲಿರುವ ಪ್ರತಿ ಮಾದರಿಯ ಪಂಪ್, ಮಾನಿಟರ್, ವೆಂಟಿಲೇಟರ್ ಆನ್ ಮಾಡಿ, ಆಂಟೆನಾವನ್ನು ಪೂರ್ತಿ ಪವರ್‌ನಲ್ಲಿ ದೂರದಿಂದ ನಿಧಾನಕ್ಕೆ ಹತ್ತಿರ ತಂದೆವು. ಯಾವ ಉಪಕರಣವೂ ರೋಗಿಗೆ ಜೋಡಿಸಿರಬಾರದು. ಒಂದು ಹಳೆ ಪಂಪ್ ಸುಮಾರು ಒಂದು ಅಡಿ ಹತ್ತಿರ ಬಂದಾಗ ಕುಂಯ್ ಅಂತ ಅಲಾರಂ ಹೊಡೆಯಿತು. ಆ ಮಾದರಿಯನ್ನು ಐಸಿಯುನಿಂದ ತೆಗೆಸಿದೆವು, ರೀಡರ್ ಪವರನ್ನೂ ಇಳಿಸಿದೆವು. ಫಲಿತಾಂಶ ಬರೆದು, ಸಹಿ ಹಾಕಿಸಿ ಫೈಲ್ ಮಾಡಿ.

ಆಂಟೆನಾ ಮುಂದೆ ಬೆಂಚ್ ಹಾಕಬೇಡಿ. ಪೇಸ್‌ಮೇಕರ್ ಇರುವವರು ಇಂಥ ಗೇಟ್‌ಗಳನ್ನು ಮಾಮೂಲಿ ನಡಿಗೆಯಲ್ಲಿ ದಾಟಿದರೆ ಸಾಕು, ಒರಗಿಕೊಂಡು ನಿಲ್ಲಬಾರದು.

ಗೋಡೆಗೆ ಕೂರಿಸುವ ದಿನ

ರೀಡರನ್ನು ಯುಪಿಎಸ್ ಲೈನಿಗೆ ಕೊಡಿ. ಬೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಹತ್ತುವ ಹೊತ್ತಿನಲ್ಲೇ ವೀಲ್‌ಚೇರ್ ಬಾಗಿಲು ದಾಟುತ್ತದೆ, ಇದು ನಿಯಮ! ನೆಟ್‌ವರ್ಕ್ ವೈರಿನಲ್ಲೇ ಕರೆಂಟ್ ಬರುವ ರೀಡರ್ ಆದರೆ ಒಂದೇ ವೈರ್ ಎಳೆದರೆ ಆಯಿತು.

ಕೂರಿಸಿದ ದಿನವೇ ಟ್ಯಾಗ್ ಹಾಕಿದ ವೀಲ್‌ಚೇರ್ ತಳ್ಳಿಕೊಂಡು ಬಾಗಿಲು 50 ಸಲ ದಾಟಿ. ಖಾಲಿ ಒಂದಷ್ಟು ಸಲ, ಒಬ್ಬರನ್ನು ಕೂರಿಸಿ ಒಂದಷ್ಟು ಸಲ, ಹಿಂದುಮುಂದಾಗಿ ಎಳೆದುಕೊಂಡು ಒಂದಷ್ಟು ಸಲ. ಎಷ್ಟು ಓದಿತು ಬರೆಯಿರಿ. ನಮ್ಮದು ಮೊದಲ ಸುತ್ತಿನಲ್ಲಿ 50ಕ್ಕೆ 38. ಆಂಟೆನಾವನ್ನು ಸ್ವಲ್ಪ ಕೆಳಗೆ ಬಗ್ಗಿಸಿದ ಮೇಲೆ 49. ಪೂರ್ತಿ ಹಣ ಕೊಡುವುದು ಈ ಪರೀಕ್ಷೆ ಆದಮೇಲೆ ಅಂತ ಆರ್ಡರ್‌ನಲ್ಲೇ ಬರೆಸಿ.

ಇದರ ಉಲ್ಟಾ ಕಾಟವೂ ಇದೆ. ನಮ್ಮ ಮುಂಬಾಗಿಲಲ್ಲಿ ಸೆಕ್ಯುರಿಟಿಯವರು ವೀಲ್‌ಚೇರ್‌ಗಳನ್ನು ಸಾಲಾಗಿ ನಿಲ್ಲಿಸುವ ಅಭ್ಯಾಸ. ಅವು ಇಡೀ ದಿನ ರೀಡರ್ ಕಣ್ಣಿಗೆ ಬಿದ್ದು, ಸಂಜೆ ನೋಡಿದರೆ ಒಂದೊಂದು ಕುರ್ಚಿ ಸಾವಿರಾರು ಸಲ "ಹೊರಗೆ ಹೋಗಿದೆ". ಪವರ್ ಇಳಿಸಿ, ಕುರ್ಚಿಗಳನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸಿ, ಐದು ನಿಮಿಷದೊಳಗೆ ಮತ್ತೆ ಮತ್ತೆ ಓದಿದ್ದನ್ನು ಒಂದೇ ಅಂತ ಲೆಕ್ಕ ಹಿಡಿಯುವಂತೆ ಸಾಫ್ಟ್‌ವೇರ್‌ನಲ್ಲಿ ಹಾಕಿಸಿದ ಮೇಲೆ ತಣ್ಣಗಾಯಿತು.

ಟ್ಯಾಗ್‌ನಲ್ಲಿ ಹೆಸರು ಬೇಡ

ಚಿಪ್ಪಿನಲ್ಲಿ ಸಾಮಾನ್ಯವಾಗಿ 96 ಬಿಟ್‌ನ ಒಂದು ನಂಬರ್ ಹಿಡಿಯುತ್ತದೆ. ಆ ನಂಬರ್ ಮಾತ್ರ ಇರಲಿ. ಅದು ಯಾವ ಪಂಪ್, ಯಾವಾಗ ಸರ್ವಿಸ್, ಇದೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲಿರಲಿ. ರೀಡರ್ ಇರುವ ಯಾರು ಬೇಕಾದರೂ ಟ್ಯಾಗ್ ಓದಬಹುದು. ಅದನ್ನು ಬೇರೆಯವರು ತಿದ್ದದಂತೆ ಪಾಸ್‌ವರ್ಡ್ ಹಾಕಿ ಬೀಗ ಹಾಕಲು ಬರುತ್ತದೆ. ಕಂಪನಿಯವರು ಆ ಪಾಸ್‌ವರ್ಡನ್ನು ಸೊನ್ನೆಗಳಲ್ಲೇ ಬಿಟ್ಟು ಹೋಗಿರುತ್ತಾರೆ, ಬದಲಿಸಿ.

ರೋಗಿಗಳ ಕೈಪಟ್ಟಿಗೆ ಆರ್‌ಎಫ್‌ಐಡಿ ಹಾಕುವ ಆಸೆ ಮ್ಯಾನೇಜ್‌ಮೆಂಟ್‌ಗೆ ಬಂದೇ ಬರುತ್ತದೆ. ನನ್ನ ಸಲಹೆ, ಮೊದಲ ವರ್ಷ ಬೇಡ. ಕೈಯನ್ನು ಮೈ ಕೆಳಗೆ ಹಾಕಿ ಮಲಗಿದರೆ ಯುಎಚ್‌ಎಫ್ ಪಟ್ಟಿ ಓದಲ್ಲ. ಇನ್ನೂ ದೊಡ್ಡ ಅಪಾಯ, ದೂರದಿಂದ ಓದುವ ರೀಡರ್ ಪಕ್ಕದ ಮಂಚದವರ ಪಟ್ಟಿಯನ್ನೂ ಓದಿಬಿಡುತ್ತದೆ. ಔಷಧ ಕೊಡುವಾಗ ಅಂಥ ಗೊಂದಲ ಆಗಬಾರದು. ಹಾಕಲೇಬೇಕಾದರೆ 13.56ರದ್ದು, ಮುಟ್ಟಿಸಿ ಓದುವಂಥದ್ದು ಹಾಕಿ. ಜೊತೆಗೆ ಹೆಸರು ಕೇಳುವುದನ್ನು ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವಾಗ ರೋಗಿಯ ಓಡಾಟದ ದಾಖಲೆ ಇಟ್ಟುಕೊಳ್ಳುವುದು ಸುಮ್ನೆ ಮಾಡುವ ಕೆಲಸವೂ ಅಲ್ಲ.

ಬಾರ್‌ಕೋಡ್ ಸಾಕಾಗುವ ಕಡೆ ಬಾರ್‌ಕೋಡೇ ಇರಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಸದ ಚೀಲಕ್ಕೆ ಕೇಳುವುದು ಬಾರ್‌ಕೋಡ್. ಅಲ್ಲಿ ಚಿಪ್ಪು ಹಾಕಿ ಸುಡುವುದು ದುಡ್ಡು ಸುಟ್ಟ ಹಾಗೆ.

ಸಿಸ್ಟರ್‌ಗಳ ಜೊತೆ ಕಾಫಿ

ಟ್ಯಾಗ್ ಅಂಟಿಸಿದ ಮೂರನೇ ದಿನ ಎರಡು ಪಂಪ್‌ನ ಟ್ಯಾಗ್ ಕಿತ್ತು ಹೋಗಿತ್ತು. ಯಾರು ಅಂತ ಕೇಳಲಿಲ್ಲ. ಮಧ್ಯಾಹ್ನ ಶಿಫ್ಟ್ ಬದಲಾಗುವಾಗ ಎಲ್ಲರನ್ನೂ ಕೂರಿಸಿ, ಕಾಫಿ ಕೊಡಿಸಿ, ಪರದೆ ತೋರಿಸಿದೆ. ಒಬ್ಬರು ಹಿರಿಯ ಸಿಸ್ಟರ್ ನೇರ ಕೇಳಿದರು: "ನಾವು ಎಷ್ಟು ಸಲ ಹೊರಗೆ ಹೋದ್ವಿ ಅಂತಾನೂ ಇದು ಹೇಳುತ್ತಾ ಸಾರ್?" ಇಲ್ಲ, ನಿಮ್ಮ ಐಡಿ ಕಾರ್ಡ್‌ಗೆ ಇದನ್ನು ಹಾಕಿಲ್ಲ, ಹಾಕುವುದೂ ಇಲ್ಲ ಅಂದೆ. ಮ್ಯಾನೇಜರ್ ಸಹಿ ಮಾಡಿದ ಒಂದು ಸುತ್ತೋಲೆಯನ್ನೂ ಗೋಡೆಗೆ ಅಂಟಿಸಿದೆ. ಅದಾದ ಮೇಲೆ ಅವರೇ ಹೇಳಿದರು, ಬಚ್ಚಿಡುವುದು ಯಾಕೆ ಅಂದರೆ ರಾತ್ರಿ ಪಾಳಿಗೆ ಪಂಪ್ ಸಾಲುವುದಿಲ್ಲ ಅಂತ. ಮೂರು ತಿಂಗಳ ದಾಖಲೆ ತೆಗೆದು ನೋಡಿದರೆ ಅವರ ಮಾತು ನಿಜ. ಇನ್ನೆರಡು ಪಂಪ್‌ಗೆ ಇಂಡೆಂಟ್ ಹಾಕಿದೆ, ಬಂತು. ಟ್ಯಾಗ್ ಕೀಳುವುದೂ ನಿಂತಿತು.

ತಿಂಗಳಿಗೊಮ್ಮೆ ಕೈಲಿ ಹಿಡಿಯುವ ರೀಡರ್ ತೆಗೆದುಕೊಂಡು ಒಂದು ಸುತ್ತು ಹಾಕಿ. ಕಣ್ಣಿಗೆ ಕಾಣುವ ಸಾಮಾನು ರೀಡರ್‌ಗೂ ಕಾಣುತ್ತಾ ನೋಡಿ. ಸತ್ತ ಟ್ಯಾಗ್, ಅಂಚು ಎದ್ದ ಟ್ಯಾಗ್ ಅಲ್ಲೇ ಬದಲಿಸಿ. ಸ್ಟೀಲ್ ಬೀರು ಬಾಗಿಲು ತೆಗೆದೇ ಓದಿಸಿ, ಮುಚ್ಚಿದ ಬೀರುವಿನೊಳಗೆ ಏನಿದ್ದರೂ ಅದಕ್ಕೆ ಕಾಣಲ್ಲ.

ಮೊನ್ನೆ ಸಂಜೆ ನಾಲ್ಕನೇ ನಂಬರ್ ವೀಲ್‌ಚೇರ್ ಕಾಣಲಿಲ್ಲ. ಪರದೆ ನೋಡಿದೆ. ಮುಂಬಾಗಿಲು, ಹೊರಕ್ಕೆ, 4:10. ಡಿಸ್ಚಾರ್ಜ್ ರಿಜಿಸ್ಟರ್‌ನಲ್ಲಿ ಆ ಹೊತ್ತಿಗೆ ಒಬ್ಬರು ಅಜ್ಜಿ. ಸೆಕ್ಯುರಿಟಿಯವರನ್ನು ಆಟೋ ನಿಲ್ಲುವ ಕಡೆ ಕಳಿಸಿದೆ. ಹೊಂಗೆ ಮರದ ಕೆಳಗೆ ಕುರ್ಚಿ ನಿಂತಿತ್ತು. ಎಳನೀರು ಮಾರುವವರು ಅದರಲ್ಲಿ ಕೂತು ಪೇಪರ್ ಓದುತ್ತಿದ್ದರಂತೆ.